ಸುಂಕದಲ್ಲಿ ಪಾಲು, ಹೊಣೆಯಲ್ಲಿಯೂ ಪಾಲು

ಕ್ಷಾಮವಾಗಲಿ ಮಹಾಮಾರಿಯಾಗಲಿ ಬಂದು ಒಂದೇ ವರ್ಷದಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರ ಜನರನ್ನು ಕೊಂಡೊಯ್ದರೆ ದೇಶವೆಲ್ಲವೂ ತಲ್ಲಣಿಸುವದು. ಶಾಸನಸಭೆಗಳಲ್ಲಿ ಗೊತ್ತುವಳಿಗಳು ಬರುವವು. ಊರೂರಿಗೆ ನಿಧಿಗಳು ಕೂಡುವವು. ಕರ್ತವ್ಯದಲ್ಲಿ ತಪ್ಪಿದ ಅಧಿಕಾರಿಗಳ ಹೆಸರುಗಳು ಜನರ ಬಾಯಲ್ಲಿ ಬೀಳುವವು. ಆದರೆ ೨೦೨೩ನೆಯ ಇಸವಿಯಲ್ಲಿ ಭಾರತದ ರಸ್ತೆಗಳ ಮೇಲೆ ೧,೭೨,೮೯೦ ಜನರು ಸತ್ತರು. ಅದರ ಹಿಂದಿನ ವರ್ಷ ಸತ್ತವರು ೧,೬೮,೪೯೧. ಇದು ಯಾರೋ ವಿರೋಧಿಗಳು ಹಬ್ಬಿಸಿದ ಮಾತಲ್ಲ; ಸರಕಾರವೇ ಅಚ್ಚು ಹಾಕಿಸಿದ ಲೆಕ್ಕ. ದಿನವೊಂದಕ್ಕೆ ೪೭೦ಕ್ಕೂ ಮಿಕ್ಕಿ ಜೀವಗಳು ಹೋಗುತ್ತಿದ್ದರೂ ನಾವು ಅದನ್ನು ದೈವದ ಮೇಲೆ ಹಾಕಿ, ಮರುದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ವರ್ತಮಾನವಾಗಿ ಓದಿ, ಹಾಳೆಯನ್ನು ಮಗುಚುತ್ತೇವೆ.

ಸತ್ತವರು ಯಾರು? ೨೦೨೨ರ ಲೆಕ್ಕದಂತೆ ನೂರಕ್ಕೆ ೪೪ಕ್ಕಿಂತ ಹೆಚ್ಚು ಜನರು ದ್ವಿಚಕ್ರ ವಾಹನಗಳ ಮೇಲೆ ಹೋಗುತ್ತಿದ್ದವರು. ನೂರಕ್ಕೆ ೧೯ಕ್ಕಿಂತ ಹೆಚ್ಚು ಜನರು ಕಾಲ್ನಡೆಯವರು. ಅಂದರೆ ಕಾರಿನ ಗಾಜಿನೊಳಗೆ ಕುಳಿತವರಿಗಿಂತ ಬಯಲಿನಲ್ಲಿರುವ ಬಡವನೂ ಮಧ್ಯಮ ವರ್ಗದವನೂ ಈ ಬಲಿಯನ್ನು ಕೊಡುತ್ತಿದ್ದಾರೆ. ರಾಷ್ಟ್ರೀಯ ಹೆದ್ದಾರಿಗಳು ದೇಶದ ರಸ್ತೆಗಳ ಒಟ್ಟು ಉದ್ದದಲ್ಲಿ ನೂರಕ್ಕೆ ಎರಡರಷ್ಟೇ ಇದ್ದರೂ, ಅವುಗಳೂ ಎಕ್ಸ್‌ಪ್ರೆಸ್ ರಸ್ತೆಗಳೂ ಕೂಡಿ ಸಾವಿನಲ್ಲಿ ನೂರಕ್ಕೆ ೩೬ರಷ್ಟು ಪಾಲನ್ನು ಪಡೆದಿವೆ. ನಮ್ಮ ಕರ್ನಾಟಕದಲ್ಲಿಯೇ ಆ ವರ್ಷ ೧೧,೭೦೨ ಜನರು ರಸ್ತೆಯ ಮೇಲೆ ಮಡಿದರು. ಜಗತ್ತಿನ ಲೆಕ್ಕವೂ ಇದೇ ಬಗೆಯದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ ವರ್ಷಕ್ಕೆ ಸುಮಾರು ೧೧ ಲಕ್ಷ ೯೦ ಸಾವಿರ ಜನರು ರಸ್ತೆಗಳ ಮೇಲೆ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ೯೨ ಜನರು ಬಡ ಮತ್ತು ಮಧ್ಯಮ ಆದಾಯದ ದೇಶದವರು. ಆ ದೇಶಗಳಲ್ಲಿ ಇರುವ ವಾಹನಗಳಾದರೋ ಜಗತ್ತಿನ ವಾಹನಗಳಲ್ಲಿ ನೂರಕ್ಕೆ ೬೦ರಷ್ಟು ಮಾತ್ರ.

ಈ ಅನರ್ಥವನ್ನು ತಡೆಯಲು ಸರಕಾರಗಳಿಗೆ ಹಣವೂ ಸಾಲದು, ಜನಬಲವೂ ಸಾಲದು. ಆದುದರಿಂದ ಖಾಸಗಿ ಕಂಪನಿಗಳನ್ನೂ ಸೇವಾಸಂಸ್ಥೆಗಳನ್ನೂ ಪಾಲುಗಾರರನ್ನಾಗಿ ಮಾಡಿಕೊಳ್ಳಬೇಕೆಂಬ ವಿಚಾರವು ಕಳೆದ ಕಾಲು ಶತಮಾನದಿಂದ ಎಲ್ಲ ಕಡೆಗೂ ಹಬ್ಬಿದೆ. ೧೯೯೮ರಲ್ಲಿ ರೆಡ್ ಕ್ರಾಸ್ ಸಂಘಗಳ ಒಕ್ಕೂಟವು ತನ್ನ ವಾರ್ಷಿಕ ವಿಪತ್ತು ವರದಿಯಲ್ಲಿ ರಸ್ತೆಯ ಅಪಘಾತಗಳನ್ನು ಭೂಕಂಪ, ನೆರೆಹಾವಳಿಗಳ ಸಾಲಿಗೆ ತಂದು ನಿಲ್ಲಿಸಿತು. ಮರುವರ್ಷವೇ, ಅಂದರೆ ೧೯೯೯ರಲ್ಲಿ, ವಿಶ್ವ ಬ್ಯಾಂಕು, ಬ್ರಿಟಿಷ್ ಸರಕಾರದ ನೆರವಿನ ಇಲಾಖೆ ಮತ್ತು ರೆಡ್ ಕ್ರಾಸ್ ಒಕ್ಕೂಟ ಇವು ಕೂಡಿ, ಸರಕಾರ, ವ್ಯಾಪಾರ ಮತ್ತು ಜನಸಂಸ್ಥೆಗಳನ್ನು ಒಂದೇ ಪಂಕ್ತಿಯಲ್ಲಿ ಕೂಡ್ರಿಸುವ ಜಾಗತಿಕ ರಸ್ತೆ ಸುರಕ್ಷತಾ ಪಾಲುಗಾರಿಕೆಯನ್ನು ಸ್ಥಾಪಿಸಿದವು. ೨೦೨೧ರಿಂದ ೨೦೩೦ರ ವರೆಗಿನ ದಶಕದಲ್ಲಿ ರಸ್ತೆಯ ಸಾವುಗಳನ್ನು ಅರ್ಧಕ್ಕಿಳಿಸಬೇಕೆಂದು ಸಂಯುಕ್ತ ರಾಷ್ಟ್ರಸಂಘವು ಗೊತ್ತುವಳಿ ಮಾಡಿದೆ. ದಶಕದ ಬಹುಭಾಗವು ಸರಿದುಹೋಗುತ್ತಲಿದೆ. ಆದಕಾರಣ ಈ ಪಾಲುಗಾರಿಕೆಯೆಂಬದು ನಿಜವಾಗಿ ಏನು, ಅದು ಎಲ್ಲಿ ಫಲಿಸಿತು, ಎಲ್ಲಿ ಬರಿಯ ಸೋಗಾಯಿತು ಎಂಬದನ್ನು ವಾಚಕರೊಡನೆ ಕೂಡಿ ವಿಚಾರಿಸಬಯಸುತ್ತೇವೆ.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಕಂಪನಿಯೆಂದರೆ ಲಾಭವೇ ದೇವರು; ಅದರ ಕೈಗೆ ಜೀವರಕ್ಷಣೆಯ ಕೆಲಸವನ್ನು ಕೊಡುವದೆಂದರೆ ತೋಳನನ್ನು ಕುರಿಯ ಕಾವಲಿಗೆ ಇಟ್ಟಂತೆ ಎಂಬದು ಒಂದು ಪಕ್ಷ. ಸರಕಾರದ ಇಲಾಖೆಯು ಮುಟ್ಟಿದ್ದೆಲ್ಲವೂ ಕೆಂಪುದಾರದ ಕಡತವಾಗುವದು. ಕಂಪನಿಯವರಿಗೆ ಒಪ್ಪಿಸಿದರೆ ಎಲ್ಲವೂ ನೆಟ್ಟಗಾಗುವದು ಎಂಬದು ಎರಡನೆಯದು. ನಾವು ಎರಡನ್ನೂ ಒಪ್ಪಲಾರೆವು. ನಮ್ಮ ನಾಡಿಗೆ ವರ್ತಕರು ಮಾಡಿದ ಲೋಕಹಿತದ ಕೆಲಸಗಳು ಹೊಸವಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರು ದೇವಸ್ಥಾನ ಮೊದಲಾದ ಸಾರ್ವಜನಿಕ ಸ್ಥಾನಗಳಿಗೆ ತಮ್ಮ ಸರಕುಗಳ ಮೇಲಿನ ಆಯಗಳನ್ನು ಬಿಟ್ಟುಕೊಟ್ಟ ಸಂಗತಿಯು ಅನೇಕ ಶಾಸನಗಳಲ್ಲಿ ಬಂದಿದೆ. ಆದರೆ ಆ ಶಾಸನಗಳನ್ನು ನೋಡಿರಿ: ಕೊಟ್ಟದ್ದು ಏನು, ನಡೆಸಿಕೊಂಡು ಹೋಗುವವರು ಯಾರು, ಕೆಡಿಸಿದವನಿಗೆ ಬರುವ ಪಾಪವೇನು—ಇಷ್ಟನ್ನೂ ಕಲ್ಲಿನ ಮೇಲೆ ಕೊರೆದು, ಹೋಗಿಬರುವವರೆಲ್ಲರ ಕಣ್ಣಿಗೆ ಬೀಳುವಲ್ಲಿ ನಿಲ್ಲಿಸಿದರು. ಇಂದಿನ ಹೆದ್ದಾರಿಯ ಕರಾರುಪತ್ರಗಳಲ್ಲಿ ಏನು ಬರೆದಿದೆಯೆಂಬದು ಆ ಹೆದ್ದಾರಿಯ ಮೇಲೆ ನಿತ್ಯ ಓಡಾಡುವ ಎಷ್ಟು ಜನರಿಗೆ ಗೊತ್ತು? ನಮ್ಮ ತಕರಾರು ಇರುವದು ಪಾಲುಗಾರಿಕೆಯ ಮೇಲಲ್ಲ; ಲೆಕ್ಕವಿಲ್ಲದ ಪಾಲುಗಾರಿಕೆಯ ಮೇಲೆ.

ವಿಯೆಟ್ನಾಮದ ಪಾಠ

ಮೊದಲು ನಮ್ಮಂತೆಯೇ ಪರದಾಸ್ಯದಿಂದ ಬಿಡುಗಡೆ ಹೊಂದಿ, ನಮ್ಮಂತೆಯೇ ದ್ವಿಚಕ್ರ ವಾಹನಗಳಿಂದ ತುಂಬಿರುವ ವಿಯೆಟ್ನಾಮದ ಮಾತನ್ನು ತೆಗೆದುಕೊಳ್ಳೋಣ. ಅಲ್ಲಿ ಮೋಟಾರು ಸೈಕಲ್ಲೇ ಮನೆಯ ಬಂಡಿ. ತಲೆಗೆ ಪೆಟ್ಟು ಬಿದ್ದು ಸಾಯುವವರ ಸಂಖ್ಯೆಯು ಬೆಳೆಯುತ್ತಿದ್ದಾಗ, ಹೆಲ್ಮೆಟ್ ಧರಿಸಿರೆಂದರೆ ಜನರು ಸೆಖೆಯ ನೆವ ಹೇಳುತ್ತಿದ್ದರು. ೧೯೯೯ರಲ್ಲಿ ಹುಟ್ಟಿದ ಒಂದು ಸೇವಾಸಂಸ್ಥೆಯು ೨೦೦೧ರಲ್ಲಿ ಹನೋಯಿಯ ಬಳಿ ಹೆಲ್ಮೆಟ್ ಕಾರಖಾನೆಯನ್ನೇ ತೆರೆಯಿತು. ಉಷ್ಣದೇಶಕ್ಕೆ ಒಪ್ಪುವಂತೆ ಹಗುರಾದ, ಗಾಳಿಯಾಡುವ ಹೆಲ್ಮೆಟ್‌ಗಳನ್ನು ಅಲ್ಲಿ ತಯಾರಿಸಿದರು. ಅಂಗವಿಕಲರಿಗೂ ಅಲ್ಲಿ ಕೆಲಸ ಕೊಟ್ಟರು. ವ್ಯಾಪಾರದಿಂದ ಬಂದ ಲಾಭವನ್ನು ಶಾಲೆಯ ಮಕ್ಕಳಿಗೆ ಹೆಲ್ಮೆಟ್ ಕೊಡುವ ಸಲುವಾಗಿ ವಿನಿಯೋಗಿಸಿದರು. ವ್ಯಾಪಾರದ ಕಂಪನಿಗಳು ಹಣವನ್ನು ಕೊಟ್ಟವು. ವರ್ಷಗಟ್ಟಲೆ ಪ್ರಚಾರವೂ ನಡೆಯಿತು.

ಇಷ್ಟಾದರೂ ಬಹುಜನರ ತಲೆಗಳು ಬರಿದಾಗಿಯೇ ಇದ್ದವು. ೨೦೦೭ನೆಯ ಡಿಸೆಂಬರ್ ೧೫ರಿಂದ ಎಲ್ಲ ರಸ್ತೆಗಳಲ್ಲಿಯೂ, ಸವಾರನೂ ಹಿಂದೆ ಕುಳಿತವನೂ ಹೆಲ್ಮೆಟ್ ಧರಿಸಲೇಬೇಕೆಂದು ಸರಕಾರವು ಕಟ್ಟಪ್ಪಣೆ ಮಾಡಿ, ಪೊಲೀಸರು ಬೀದಿಗೆ ಇಳಿದ ಮೇಲೆ, ಕೆಲವೇ ವಾರಗಳಲ್ಲಿ ಹೆಲ್ಮೆಟ್ ಧರಿಸುವವರ ಪ್ರಮಾಣವು ನೂರಕ್ಕೆ ತೊಂಬತ್ತನ್ನು ಮೀರಿತು. ಕಾರಖಾನೆಯು ಮೊದಲೇ ಸಿದ್ಧವಿಲ್ಲದಿದ್ದರೆ ಹಗುರಾದ ಹೆಲ್ಮೆಟ್ ಸಿಗುತ್ತಿರಲಿಲ್ಲ. ಕಾನೂನು ಬರದಿದ್ದರೆ ಕಾರಖಾನೆಯ ಮಾಲು ಅಂಗಡಿಯಲ್ಲಿಯೇ ಧೂಳು ತಿನ್ನುತ್ತಿತ್ತು. ಇದು ಪಾಲುಗಾರಿಕೆಯ ನಿಜವಾದ ಅರ್ಥ. ಕಥೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ದಂಡದಿಂದ ಪಾರಾಗಲೆಂದು ಮಾತ್ರ ಧರಿಸುವ ಕಳಪೆ ಟೋಪಿಗಳು ಅಲ್ಲಿಯ ಪೇಟೆಯಲ್ಲಿ ತುಂಬಿಕೊಂಡವು. ಪೊಲೀಸನು ತಲೆಯನ್ನು ನೋಡಿದರೆ ಸಾಲದು; ಸರಕಾರವು ಅಂಗಡಿಯನ್ನೂ ನೋಡಬೇಕು. ನಮ್ಮಲ್ಲಿ ೨೦೨೧ರ ಜೂನ್ ೧ರಿಂದ ಭಾರತೀಯ ಮಾನಕ ಸಂಸ್ಥೆಯ ಗುರುತಿಲ್ಲದ ಹೆಲ್ಮೆಟ್‌ಗಳನ್ನು ಮಾರಕೂಡದೆಂಬ ಆಜ್ಞೆ ಇದೆ. ಯಾವ ಊರಿನ ಹೆದ್ದಾರಿಯ ಬದಿಗಾದರೂ ಹೋಗಿ, ರಾಶಿ ಹಾಕಿಕೊಂಡು ಮಾರುವವರ ಮಾಲನ್ನು ನೋಡಿದರೆ ಆ ಆಜ್ಞೆಯ ಗತಿಯು ವಾಚಕರಿಗೆ ತಿಳಿದೀತು.

ಮುಂಬಯಿ–ಪುಣೆಯ ಪ್ರಯೋಗ

ಇನ್ನು ನಮ್ಮ ನೆರೆಯ ಮಹಾರಾಷ್ಟ್ರಕ್ಕೆ ಬರೋಣ. ೨೦೦೨ರಲ್ಲಿ ಪೂರ್ತಿಯಾಗಿ ತೆರೆದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ರಸ್ತೆಯು ಸುಮಾರು ೯೪ ಕಿಲೋಮೀಟರ್ ಉದ್ದದ್ದು. ಸಹ್ಯಾದ್ರಿಯ ಘಟ್ಟವನ್ನು ಕೊರೆದು ಮಾಡಿದ ಆರು ಸಾಲಿನ ರಸ್ತೆಯಾದ ಇದು ದೇಶಕ್ಕೆಲ್ಲ ಹೆಮ್ಮೆಯ ವಸ್ತುವಾಗಿತ್ತು. ಸಾವಿಗೂ ಅಷ್ಟೇ ಪ್ರಸಿದ್ಧವಾಯಿತು. ೨೦೧೬ರಲ್ಲಿ ಅದರ ಮೇಲೆ ೧೫೧ ಜನರು ಸತ್ತರು. ಅದೇ ವರ್ಷ ರಸ್ತೆಯ ಒಡೆತನವಿದ್ದ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ, ಹೆದ್ದಾರಿ ಪೊಲೀಸರು, ಸೇವ್ ಲೈಫ್ ಪ್ರತಿಷ್ಠಾನವೆಂಬ ಸೇವಾಸಂಸ್ಥೆ ಮತ್ತು ಹಣ ಕೊಡಲು ಒಪ್ಪಿದ ಮಹೀಂದ್ರ ಮೋಟಾರು ಕಂಪನಿ—ಈ ನಾಲ್ವರು ಕೂಡಿ, ಒಬ್ಬನೂ ಸಾಯದ ರಸ್ತೆಯನ್ನು ಮಾಡುವೆವೆಂದು ಕಂಕಣ ಕಟ್ಟಿದರು.

ಅವರು ಮೊದಲು ಮಾಡಿದ ಕೆಲಸವು ಭಾಷಣವಲ್ಲ, ಪಂಚನಾಮೆ. ಪ್ರತಿಯೊಂದು ಅಪಘಾತದ ಸ್ಥಳಕ್ಕೂ ಹೋಗಿ, ವಾಹನವು ಯಾವುದಕ್ಕೆ ಬಡಿಯಿತು, ಏಕೆ ಬಡಿಯಿತು, ಜೀವ ಹೋದದ್ದು ಯಾವ ಪೆಟ್ಟಿನಿಂದ ಎಂದು ವಿಚಾರಿಸಿದರು. ಆಗ ಕಂಡುಬಂದದ್ದು ಚಾಲಕನ ತಪ್ಪೊಂದೇ ಅಲ್ಲ. ರಸ್ತೆಯ ಬದಿಯಲ್ಲಿ ಕೆಟ್ಟು ನಿಂತ ಲಾರಿಗಳಿಗೆ ಹಿಂದಿನಿಂದ ಬಂದು ಬಡಿದವರೆಷ್ಟೋ ಜನ. ತಡೆಬೇಲಿಯಿಲ್ಲದ ಸೇತುವೆಯ ಕಂಬ, ಕಾಂಕ್ರೀಟಿನ ಗೋಡೆಯ ಮೊನೆ ಇವುಗಳಿಗೆ ಬಡಿದವರೆಷ್ಟೋ ಜನ. ನಡುವಿನ ವಿಭಜಕವನ್ನು ದಾಟಿ ಎದುರಿನ ಸಾಲಿಗೆ ನುಗ್ಗಿದ ವಾಹನಗಳೆಷ್ಟೋ. ಮನುಷ್ಯನು ತೂಕಡಿಸುವನು, ತಪ್ಪುವನು. ಆದರೆ ತೂಕಡಿಕೆಗೆ ಮರಣದಂಡನೆಯನ್ನು ವಿಧಿಸುವಂತೆ ರಸ್ತೆಯನ್ನು ಕಟ್ಟಿದವರು ಯಾರು? ಈ ಪ್ರಶ್ನೆಯನ್ನು ಕೇಳಿದ ಮೇಲೆ ಕಂಬಗಳ ಮುಂದೆ ಉಕ್ಕಿನ ತಡೆಬೇಲಿಗಳು ಬಂದವು. ವಿಭಜಕದಲ್ಲಿ ತಂತಿಹಗ್ಗದ ತಡೆಗಳು ಬಂದವು. ನಿಂತ ಲಾರಿಗಳನ್ನು ಬೇಗ ತೆಗೆಯಿಸುವ, ವೇಗವನ್ನು ಅಳೆದು ದಂಡ ಹಾಕುವ, ಗಾಯಾಳುವನ್ನು ಬೇಗನೆ ಸಾಗಿಸುವ ಏರ್ಪಾಡುಗಳಾದವು. ಮರುವರ್ಷ, ಅಂದರೆ ೨೦೧೭ರಲ್ಲಿ, ಸತ್ತವರು ೧೦೫. ಇಳಿತವು ವರ್ಷವರ್ಷವೂ ಒಂದೇ ಸಮನಾಗಿ ಬರಲಿಲ್ಲ. ಕೆಲವು ವರ್ಷ ಲೆಕ್ಕವು ಪುನಃ ಮೇಲಕ್ಕೂ ಹೋಯಿತು. ಆದರೂ ೨೦೨೩ರ ಹೊತ್ತಿಗೆ ೨೦೧೬ರ ಸಂಖ್ಯೆಯ ಅರ್ಧಕ್ಕಿಂತ ಕೆಳಗೆ ಅದು ಇಳಿಯಿತು. ಸೊನ್ನೆಯ ಗುರಿಯು ಇನ್ನೂ ದೂರವಿದ್ದೀತು. ಆದರೆ ನೂರಾರು ಸಂಸಾರಗಳ ದೀಪವು ಉಳಿಯಿತೆಂಬದನ್ನು ಯಾರೂ ಅಲ್ಲಗಳೆಯಲಾರರು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಕಂಪನಿಯು ಹಣ ಕೊಟ್ಟಿತು, ಸೇವಾಸಂಸ್ಥೆಯು ತಜ್ಞರನ್ನು ಕೊಟ್ಟಿತು. ಆದರೆ ತಡೆಬೇಲಿಯನ್ನು ಹಾಕಿಸುವ ಅಧಿಕಾರವು ನಿಗಮದ್ದು, ದಂಡವನ್ನು ವಿಧಿಸುವ ಅಧಿಕಾರವು ಪೊಲೀಸರದು. ಅವರವರ ಕೆಲಸವನ್ನು ಅವರವರೇ ಮಾಡಿದರು. ನಾಲ್ವರ ಎದುರಿಗೂ ಒಂದೇ ಅಂಕಿ ಇದ್ದಿತು: ಈ ವರ್ಷ ಸತ್ತವರೆಷ್ಟು? ಕೂಡಿಸಿದ ಸಭೆಗಳೆಷ್ಟು, ಹಂಚಿದ ಹಸ್ತಪತ್ರಿಕೆಗಳೆಷ್ಟು ಎಂಬ ಅಂಕಿಯಲ್ಲ.

ನಮ್ಮ ನಾಡಿನ ಎರಡು ರಸ್ತೆಗಳು

ಕರ್ನಾಟಕದಲ್ಲಿಯೂ ಇಂಥ ಪಾಠಗಳಿಗೆ ಕೊರತೆಯಿಲ್ಲ. ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ೬೨ ಕಿಲೋಮೀಟರಿನ ರಾಜ್ಯ ಹೆದ್ದಾರಿಯನ್ನು ವಿಶ್ವ ಬ್ಯಾಂಕಿನ ಸಾಲದ ಯೋಜನೆಯೊಳಗೆ ಸುರಕ್ಷಿತ ರಸ್ತೆಯ ಮಾದರಿಯೆಂದು ಆರಿಸಿಕೊಂಡರು. ಲೋಕೋಪಯೋಗಿ ಇಲಾಖೆಯವರು ಕೂಡುದಾರಿಗಳನ್ನು ತಿದ್ದಿ, ಗುರುತುಗಳನ್ನು ಹಾಕಿಸಿದರು. ಪೊಲೀಸರು ಗಸ್ತು ತಿರುಗಿ ವೇಗವನ್ನು ತಡೆದರು. ಆರೋಗ್ಯ ಇಲಾಖೆಯವರು ಗಾಯಾಳುಗಳ ಶುಶ್ರೂಷೆಯನ್ನು ನೋಡಿಕೊಂಡರು. ೨೦೧೫ರಿಂದ ೨೦೧೮ರ ಅವಧಿಯಲ್ಲಿ ಆ ರಸ್ತೆಯ ಪ್ರಾಣಹಾನಿಯು ನೂರಕ್ಕೆ ೫೪ರಷ್ಟು ಇಳಿಯಿತೆಂದು ವಿಶ್ವ ಬ್ಯಾಂಕೇ ಪ್ರಕಟಿಸಿದೆ. ಇಲ್ಲಿ ದೊಡ್ಡ ಕಂಪನಿಯ ಹೆಸರು ಮುಂದೆ ಇರಲಿಲ್ಲ. ಒಂದೇ ಸರಕಾರದ ಮೂರು ನಾಲ್ಕು ಇಲಾಖೆಗಳು ಒಂದಕ್ಕೊಂದು ಮೋರೆ ತಿರುಗಿಸದೆ ಒಂದೇ ಕೆಲಸಕ್ಕೆ ಕೈ ಹಚ್ಚಿದುದೇ ದೊಡ್ಡದಾಯಿತು. ಹೊರಗಿನವರೊಡನೆ ಪಾಲುಗಾರಿಕೆಯ ಕರಾರು ಮಾಡಿಕೊಳ್ಳುವದಕ್ಕಿಂತ ಮೊದಲು ಸರಕಾರವು ತನ್ನ ಇಲಾಖೆಗಳೊಳಗೆ ಪಾಲುಗಾರಿಕೆಯನ್ನು ತರಬೇಕೆಂಬ ಬುದ್ಧಿಯನ್ನು ಬೆಳಗಾವಿಯ ರಸ್ತೆಯು ಕಲಿಸಿದೆ.

ಎರಡನೆಯದು ಬೆಂಗಳೂರು–ಮೈಸೂರು ಹೆದ್ದಾರಿ. ಸುಮಾರು ೧೧೮ ಕಿಲೋಮೀಟರಿನ ಈ ರಸ್ತೆಯನ್ನು ೨೦೨೩ನೆಯ ಮಾರ್ಚ್ ೧೨ರಂದು ಮಂಡ್ಯದಲ್ಲಿ ವೈಭವದಿಂದ ಲೋಕಾರ್ಪಣೆ ಮಾಡಿದರು. ಇದು ಖಾಸಗಿ ಗುತ್ತೇದಾರನೊಡನೆ ಮಿಶ್ರ ಕಂತಿನ ಪದ್ಧತಿಯಲ್ಲಿ ಕಟ್ಟಿದ ರಸ್ತೆ. ಈ ಪದ್ಧತಿಯಲ್ಲಿ ಕಟ್ಟುವಾಗ ನೂರಕ್ಕೆ ೪೦ ಭಾಗವನ್ನು ಸರಕಾರವು ಕೊಡುವದು. ಉಳಿದುದನ್ನು ಗುತ್ತೇದಾರನು ಹಾಕಿ, ಮುಂದೆ ವರ್ಷಗಟ್ಟಲೆ ಕಂತುಗಳಲ್ಲಿ ಹಿಂದಕ್ಕೆ ಪಡೆಯುವನು. ರಸ್ತೆಯು ತೆರೆದ ಕೆಲವೇ ದಿನಗಳಲ್ಲಿ ಸುಂಕವು ಪ್ರಾರಂಭವಾಯಿತು. ಮೊದಲು ಎರಡೂವರೆ ಮೂರು ತಾಸು ಹಿಡಿಯುತ್ತಿದ್ದ ಪ್ರಯಾಣವು ಅರ್ಧಕ್ಕೆ ಇಳಿಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಆ ವರ್ಷದ ಮೇ ತಿಂಗಳಲ್ಲಿ ೨೯ ಜನರೂ ಜೂನ್ ತಿಂಗಳಲ್ಲಿ ೨೮ ಜನರೂ ಅಲ್ಲಿ ಸತ್ತರು. ಆಗ ಪೊಲೀಸರ ಹಿರಿಯ ಅಧಿಕಾರಿಗಳು ಸ್ವತಃ ರಸ್ತೆಗೆ ಬಂದು ನೋಡಿದರು. ತಾಸಿಗೆ ನೂರು ಕಿಲೋಮೀಟರಿನ ಮಿತಿಯನ್ನು ಮೀರಿದವರನ್ನು ಯಂತ್ರದಿಂದ ಅಳೆದು ಹಿಡಿಯತೊಡಗಿದರು. ಜುಲೈ ತಿಂಗಳಲ್ಲಿ ಸತ್ತವರ ಸಂಖ್ಯೆಯು ೮ಕ್ಕೆ ಬಂದಿತು.

ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಮುಖ್ಯ ರಸ್ತೆಯಿಂದ ನಿಷೇಧಿಸಿದುದು ಆಗಸ್ಟ್ ೧ರಿಂದ. ಅಂದಮೇಲೆ ಜುಲೈ ತಿಂಗಳ ಇಳಿತಕ್ಕೆ ಆ ನಿಷೇಧವು ಕಾರಣವಲ್ಲವೆಂಬದು ಸ್ಪಷ್ಟ. ಸರಾಸರಿ ವೇಗವು ನೂರಕ್ಕೆ ಒಂದರಷ್ಟು ಹೆಚ್ಚಿದರೆ ಪ್ರಾಣಾಂತಿಕ ಅಪಘಾತದ ಭಯವು ನೂರಕ್ಕೆ ನಾಲ್ಕರಷ್ಟು ಹೆಚ್ಚುವದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತ ಬಂದಿದೆ. ಮಂಡ್ಯ, ರಾಮನಗರಗಳ ಪೊಲೀಸರು ಅದನ್ನು ಕೆಲಸದಲ್ಲಿ ತೋರಿಸಿಕೊಟ್ಟರು. ನಾವು ಅವರನ್ನು ಮನಸಾರೆ ಅಭಿನಂದಿಸುತ್ತೇವೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತೇವೆ. ಮೇ, ಜೂನ್ ತಿಂಗಳುಗಳಲ್ಲಿ ಸತ್ತ ೫೭ ಜನರ ಲೆಕ್ಕವು ಯಾರ ಖಾತೆಗೆ ಸೇರಿತು? ರಸ್ತೆಯ ನಕ್ಷೆಯನ್ನು ಮಾಡಿದವನ ಖಾತೆಗೆ ಸೇರಿತೆ? ಕಟ್ಟಿದವನ ಖಾತೆಗೆ? ಸುಂಕವನ್ನು ಎತ್ತಿದವರ ಖಾತೆಗೆ? ಸುಂಕದ ಪ್ರತಿಯೊಂದು ರೂಪಾಯಿಗೂ ರಸೀದಿ ಇದೆ. ಜೀವಕ್ಕೆ ರಸೀದಿ ಇಲ್ಲ.

ಹಿತಗಳು ಕೂಡದಿರುವಲ್ಲಿ

ಪಾಲುಗಾರಿಕೆಯ ಹೆಸರಿನಲ್ಲಿ ನಡೆಯುವದೆಲ್ಲವೂ ಮುಂಬಯಿ–ಪುಣೆಯ ಬಗೆಯದಲ್ಲ. ಕಂಪನಿಯ ಲಾಭಕ್ಕೂ ಜೀವರಕ್ಷಣೆಗೂ ವಿರೋಧವಿಲ್ಲದಲ್ಲಿ ಕಂಪನಿಯು ಉತ್ಸಾಹದಿಂದ ಮುಂದೆ ಬರುವದು. ವಿರೋಧ ಬಂದಲ್ಲಿ ಮೆಲ್ಲನೆ ಹಿಂದಕ್ಕೆ ಸರಿಯುವದು. ೨೦೧೪ನೆಯ ಜನವರಿಯಲ್ಲಿ ವಿದೇಶದ ಸಂಸ್ಥೆಯೊಂದು ಭಾರತದಲ್ಲಿ ಬಹಳವಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗೋಡೆಗೆ ಬಡಿಸಿ ಪರೀಕ್ಷಿಸಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆಯ ಅಂಕವೇ ಬಂದಿತು. ಗಾಳಿಚೀಲವೇನು ಕಂಪನಿಗಳಿಗೆ ತಿಳಿಯದ ವಿದ್ಯೆಯೆ? ಐರೋಪ್ಯರಿಗೆ ಮಾರುವ ಕಾರಿನಲ್ಲಿ ಇದ್ದ ರಕ್ಷಣೆಯು ಭಾರತೀಯನಿಗೆ ಮಾರುವ ಕಾರಿನಲ್ಲಿ ಇಲ್ಲದ್ದಕ್ಕೆ ಕಾರಣವು ಇಲ್ಲಿ ಕಾನೂನು ಕೇಳಲಿಲ್ಲವೆಂಬದೇ. ೨೦೧೯ನೆಯ ಜುಲೈ ೧ರಿಂದ ಚಾಲಕನ ಮುಂದೆ ಗಾಳಿಚೀಲವು ಇರಲೇಬೇಕೆಂದು ಸರಕಾರವು ನಿಯಮ ಮಾಡಿದ ಕೂಡಲೇ ಎಲ್ಲ ಕಾರುಗಳಲ್ಲಿಯೂ ಅದು ಬಂದಿತು. ೨೦೨೩ನೆಯ ಅಕ್ಟೋಬರ್ ೧ರಿಂದ ನಮ್ಮ ದೇಶದ್ದೇ ಆದ ಪರೀಕ್ಷಾಪದ್ಧತಿಯೂ ಜಾರಿಗೆ ಬಂದು, ನಕ್ಷತ್ರಗಳ ಅಂಕವನ್ನು ಗ್ರಾಹಕನು ಕೇಳಿ ಕೊಳ್ಳುವ ಕಾಲವು ಬಂದಿದೆ. ಸರಕಾರವು ಕೋಲು ಹಿಡಿದಲ್ಲಿ ಕಂಪನಿಯು ಒಳ್ಳೆಯ ಪಾಲುಗಾರ. ಕೋಲನ್ನು ಕೆಳಗಿಟ್ಟಲ್ಲಿ ಬರಿಯ ವ್ಯಾಪಾರಿ.

ಮದ್ಯದ ಕಂಪನಿಗಳು ‘ಕುಡಿದು ನಡೆಸಬೇಡಿರಿ’ ಎಂಬ ಪ್ರಚಾರಕ್ಕೆ ಹಣ ಕೊಡುವದನ್ನು ಅನೇಕ ದೇಶಗಳಲ್ಲಿ ನೋಡುತ್ತೇವೆ. ಹಣವನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಆ ಹಣಕ್ಕೆ ದಾಕ್ಷಿಣ್ಯಪಟ್ಟು, ರಾತ್ರಿಯಲ್ಲಿ ರಸ್ತೆಗಳ ಮೇಲೆ ಉಸಿರಿನ ಪರೀಕ್ಷೆ ಮಾಡುವದನ್ನಾಗಲಿ, ಹೆದ್ದಾರಿಯ ಬದಿಯ ಅಂಗಡಿಗಳನ್ನು ತೆಗೆಯಿಸುವದನ್ನಾಗಲಿ ಸಡಿಲಿಸಿದರೆ ಅದು ಪಾಲುಗಾರಿಕೆಯಲ್ಲ, ಲಂಚ. ೨೦೧೩ರ ಕಂಪನಿಗಳ ಕಾಯದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ಕೊಡಬೇಕಾಗಿದೆ. ರಸ್ತೆಯ ಸುರಕ್ಷತೆಯೂ ಆ ಕಾರ್ಯಗಳಲ್ಲಿ ಸೇರುವದೆಂದು ಸರಕಾರವು ೨೦೧೪ರಲ್ಲಿಯೇ ತಿಳಿಸಿದೆ. ಈ ಹಣದಲ್ಲಿ ಬಹುಭಾಗವು ಶಾಲೆಯ ಮಕ್ಕಳ ಮೆರವಣಿಗೆ, ಟೋಪಿ, ಭಿತ್ತಿಪತ್ರ, ಚಾಲಕರಿಗೆ ಉಪದೇಶ ಇವುಗಳಲ್ಲಿಯೇ ಕರಗಿಹೋದರೆ ಪ್ರಯೋಜನವಿಲ್ಲ. ಪರವಾನಗಿ ಪಡೆದ ಚಾಲಕರಿಗೆ ಕೊಡುವ ಉಪದೇಶದಿಂದ ಅಪಘಾತಗಳು ಇಳಿಯುವವೆಂಬುದಕ್ಕೆ ಆಧಾರ ಕಾಣದೆಂದು, ನಾನಾ ದೇಶಗಳ ಪ್ರಯೋಗಗಳನ್ನು ಕೂಡಿಸಿ ನೋಡಿದ ಪಂಡಿತರು ಹೇಳಿದ್ದಾರೆ. ಒಂದು ಮೆರವಣಿಗೆಯ ಹಣದಲ್ಲಿ ಒಂದು ಕುರುಡು ತಿರುವಿಗೆ ತಡೆಬೇಲಿ ಬರುವದಾದರೆ, ತಡೆಬೇಲಿಯನ್ನೇ ಹಾಕಿಸಿರಿ ಎಂದು ನಾವು ಕಂಪನಿಗಳಿಗೆ ಬಿನ್ನಯಿಸುತ್ತೇವೆ. ಅದರ ಮೇಲೆ ಅವರ ಹೆಸರನ್ನು ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಸಿದರೂ ನಮ್ಮ ಅಡ್ಡಿಯಿಲ್ಲ.

ಕರಾರಿನಲ್ಲಿ ಏನಿರಬೇಕು

ಹೆದ್ದಾರಿಯ ಗುತ್ತೇದಾರರೊಡನೆ ಸರಕಾರವು ಮಾಡಿಕೊಳ್ಳುವ ಕರಾರುಗಳಲ್ಲಿ ಸುರಕ್ಷತೆಯ ಮಾತು ಇಲ್ಲದೆ ಇಲ್ಲ. ಗಸ್ತಿನ ವಾಹನ, ಕ್ರೇನು, ಆಂಬ್ಯುಲೆನ್ಸ್ ಇವುಗಳನ್ನು ಇಡಬೇಕೆಂಬ ಕಟ್ಟಳೆಯಿದೆ. ಆದರೆ ವಾಹನವನ್ನು ನಿಲ್ಲಿಸಿದರೆ ಕರಾರು ಮುಗಿಯಿತೆ? ಕೆಲಸವು ತಡವಾದರೆ ಗುತ್ತೇದಾರನಿಗೆ ನಷ್ಟ. ಸುಂಕವು ಕಡಿಮೆ ಬಂದರೂ ನಷ್ಟ. ಜೀವಗಳು ಹೋದರೆ ಅವನ ಜಮಾಖರ್ಚಿನಲ್ಲಿ ಬರುವ ವ್ಯತ್ಯಾಸವೇನು? ಮೋಟಾರು ವಾಹನಗಳ ಕಾಯದೆಗೆ ೨೦೧೯ರಲ್ಲಿ ಸೇರಿಸಿದ ೧೯೮-ಎ ಕಲಮು ಈ ದಿಕ್ಕಿನಲ್ಲಿ ಮೊದಲನೆಯ ಹೆಜ್ಜೆಯೆಂದು ಹೇಳಬೇಕು. ರಸ್ತೆಯ ನಕ್ಷೆ, ನಿರ್ಮಾಣ, ದುರಸ್ತಿ ಇವುಗಳಲ್ಲಿ ಗೊತ್ತುಪಡಿಸಿದ ಮಾನವನ್ನು ಪಾಲಿಸದೆ ಹೋದುದರಿಂದ ಸಾವು ಅಥವಾ ಅಂಗವಿಕಲತೆ ಉಂಟಾದರೆ, ಸಂಬಂಧಪಟ್ಟ ಅಧಿಕಾರ ಸಂಸ್ಥೆಗೂ ಗುತ್ತೇದಾರನಿಗೂ ಸಲಹೆಗಾರನಿಗೂ ದಂಡವನ್ನು ವಿಧಿಸಬಹುದೆಂದು ಅದು ಹೇಳುವದು. ದಂಡವೆಷ್ಟು? ಒಂದು ಲಕ್ಷ ರೂಪಾಯಿಯವರೆಗೆ! ನೂರಾರು ಕೋಟಿಯ ಕರಾರಿನಲ್ಲಿ ಒಂದು ಲಕ್ಷವೆಂದರೆ ಆನೆಯ ಬಾಯಿಗೆ ಅರೆಕಾಸಿನ ಮಜ್ಜಿಗೆ. ಅದನ್ನಾದರೂ ವಸೂಲು ಮಾಡುವ ಧೈರ್ಯವನ್ನು ಸರಕಾರಗಳು ತೋರಿಸಬೇಕು.

ಹೊರದೇಶಗಳಲ್ಲಿ ಇದಕ್ಕಿಂತ ಜಾಣ ಉಪಾಯವನ್ನು ಮಾಡಿದ್ದಾರೆ. ಸ್ಪೇನ್ ದೇಶದ ಕೆಲವು ಹೆದ್ದಾರಿಯ ಕರಾರುಗಳಲ್ಲಿ, ಅಪಘಾತಗಳು ಇಳಿದ ಪ್ರಮಾಣವನ್ನು ನೋಡಿ ಗುತ್ತೇದಾರನಿಗೆ ಹೆಚ್ಚಿನ ಸಂದಾಯವನ್ನು ಕೊಡುವ ಕಲಮುಗಳಿವೆ. ಅಂಥ ರಸ್ತೆಗಳನ್ನೂ ಬೇರೆ ರಸ್ತೆಗಳನ್ನೂ ಹೋಲಿಸಿ ನೋಡಿದ ಪಂಡಿತರು ಈ ಕಲಮುಗಳಿಂದ ಪ್ರಯೋಜನವಿದೆಯೆಂದೇ ಕಂಡರು. ಲಾಭದ ಆಸೆಯನ್ನು ನಿಂದಿಸುತ್ತ ಕೂಡುವದಕ್ಕಿಂತ ಆ ಆಸೆಗೆ ನೊಗ ಹೂಡಿ ಜೀವರಕ್ಷಣೆಯ ಬಂಡಿಯನ್ನು ಎಳೆಯಿಸುವದು ವಿವೇಕ. ಕಂತಿನ ಪದ್ಧತಿಯಲ್ಲಿ ಸರಕಾರವೇ ಹಣವನ್ನು ಕೊಡುತ್ತಿರುವಾಗ, ಕಂತಿನ ಒಂದು ಅಂಶವನ್ನು ರಸ್ತೆಯ ಸಾವುಗಳ ಲೆಕ್ಕಕ್ಕೆ ಕಟ್ಟುವದು ನಮ್ಮಲ್ಲಿ ಏಕೆ ಆಗಬಾರದು?

ಆದರೆ ಲೆಕ್ಕವನ್ನು ಬರೆಯುವವನು ಕಂಪನಿಯವನಾಗಿರಕೂಡದು. ಬಹುಮಾನ ಇದ್ದಲ್ಲಿ ಬಚ್ಚಿಡುವ ಆಸೆಯೂ ಇರುವದು. ಸರಕಾರದ ಲೆಕ್ಕದಲ್ಲಿಯೇ ಎಷ್ಟೋ ಸಾವುಗಳು ಸೇರುತ್ತಿಲ್ಲವೆಂಬ ಅನುಮಾನವಿದೆ. ೨೦೨೧ರಲ್ಲಿ ನಮ್ಮ ಸರಕಾರದ ಲೆಕ್ಕವು ೧,೫೩,೯೭೨ ಇದ್ದರೆ, ಅದೇ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಎರಡು ಲಕ್ಷವನ್ನು ಮೀರಿತ್ತು. ಆದುದರಿಂದ ಪೊಲೀಸರ ಲೆಕ್ಕವನ್ನು ಆಸ್ಪತ್ರೆಗಳ ಲೆಕ್ಕದೊಡನೆ ತಾಳೆ ನೋಡಬೇಕು. ೨೦೨೧ರಿಂದ ಪ್ರತಿಯೊಂದು ಅಪಘಾತದ ವಿವರವನ್ನೂ ಸ್ಥಳಸಹಿತವಾಗಿ ಯಂತ್ರದಲ್ಲಿ ದಾಖಲು ಮಾಡುವ ರಾಷ್ಟ್ರೀಯ ಪದ್ಧತಿಯು ಬಂದಿರುವದರಿಂದ ಇದು ಅಸಾಧ್ಯವೂ ಅಲ್ಲ.

ನಮ್ಮ ಸೂಚನೆಯು ಚಿಕ್ಕದು. ಪ್ರತಿಯೊಂದು ಸುಂಕದ ಕಟ್ಟೆಯ ಬಳಿಯಲ್ಲಿ ಕಾರಿಗೆ ಎಷ್ಟು, ಲಾರಿಗೆ ಎಷ್ಟು ಎಂಬ ಫಲಕವಿದೆ. ಯಾವ ಯಾವ ಗಣ್ಯರಿಗೆ ಸುಂಕ ಮಾಫಿ ಎಂಬ ಪಟ್ಟಿಯೂ ಇದೆ. ಅದರ ಪಕ್ಕದಲ್ಲಿಯೇ ಇನ್ನೊಂದು ಫಲಕವನ್ನು, ನಮ್ಮ ಹಿರಿಯರ ಶಾಸನದ ಕಲ್ಲಿನಂತೆ, ಕನ್ನಡದಲ್ಲಿ ನಿಲ್ಲಿಸಲಿ. ಈ ಕಟ್ಟೆಯ ವ್ಯಾಪ್ತಿಯಲ್ಲಿ ಕಳೆದ ವರ್ಷ ಸತ್ತವರು ಇಷ್ಟು, ಅದರ ಹಿಂದಿನ ವರ್ಷ ಇಷ್ಟು. ಅಪಾಯದ ಸ್ಥಳಗಳು ಇವು, ತಿದ್ದಿದ ಸ್ಥಳಗ‌ಳು ಇವು, ತಿದ್ದಬೇಕಾದುವು ಇವು. ಹೊಣೆಗಾರ ಅಧಿಕಾರಿಯ ಹುದ್ದೆ ಇದು, ಗುತ್ತೇದಾರ ಕಂಪನಿಯ ಹೆಸರು ಇದು—ಇಷ್ಟಿದ್ದರೆ ಸಾಕು. ಸುಂಕವನ್ನು ಕೊಡುವವನಿಗೆ ಈ ಲೆಕ್ಕವನ್ನು ಕೇಳುವ ಹಕ್ಕಿದೆ.

ಅಧಿಕಾರಿಗಳೂ ನಾಗರಿಕರೂ

ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿಗಳಿವೆ. ಸುಮಾರು ಐದುನೂರು ಮೀಟರಿನೊಳಗೆ ಮೂರು ವರ್ಷಗಳಲ್ಲಿ ಹತ್ತು ಜನರು ಸತ್ತರೆ, ಅಥವಾ ಸಾವು, ತೀವ್ರ ಗಾಯಗಳುಂಟಾದ ಅಪಘಾತಗಳು ಐದು ನಡೆದರೆ, ರಾಷ್ಟ್ರೀಯ ಹೆದ್ದಾರಿಯ ಆ ಸ್ಥಳವನ್ನು ಕಪ್ಪು ಸ್ಥಳವೆಂದು ಕರೆಯಬೇಕೆಂದು ಕೇಂದ್ರ ಸರಕಾರವೇ ಗೊತ್ತುಪಡಿಸಿದೆ. ಹತ್ತು ಹೆಣಗಳು ಬೀಳುವ ವರೆಗೆ ಕಾಯುವದೇಕೆ? ಹಳ್ಳಿಯವರು ‘ಇಲ್ಲಿ ದಾಟಲು ದಾರಿಯಿಲ್ಲ, ಕೆಳಸೇತುವೆ ಬೇಕು’ ಎಂದು ಅರ್ಜಿ ಕೊಟ್ಟ ದಿನವೇ ಅದು ಕಪ್ಪು ಸ್ಥಳವೆಂದು ತಿಳಿದು ಹೋಗಿ ನೋಡುವ ಅಧಿಕಾರಿಯು ಪುಣ್ಯವಂತನು. ಸಮಿತಿಯ ಸಭೆಗೆ ಸುಂಕದ ಗುತ್ತೇದಾರನನ್ನೂ ಊರಿನ ಆಸ್ಪತ್ರೆಯ ವೈದ್ಯರನ್ನೂ ಕರೆಯಿಸಿ, ಹಿಂದಿನ ಸಭೆಯ ಗೊತ್ತುವಳಿಗಳಲ್ಲಿ ಎಷ್ಟು ಕೆಲಸವಾಯಿತೆಂದು ಕೇಳುವ ಪದ್ಧತಿಯು ಬರಬೇಕು.

ನಾಗರಿಕರ ಪಾಲೂ ಇಲ್ಲಿ ಸಣ್ಣದಲ್ಲ. ಬಿದ್ದವನನ್ನು ಎತ್ತಿದರೆ ಪೊಲೀಸರ ಕಾಟ, ಕೋರ್ಟಿನ ಅಲೆದಾಟ ಎಂಬ ಭಯದಿಂದ ಜನರು ದೂರ ನಿಲ್ಲುತ್ತಿದ್ದ ಕಾಲವಿತ್ತು. ೨೦೧೬ನೆಯ ಮಾರ್ಚ್ ೩೦ರಂದು ಸುಪ್ರೀಮ್ ಕೋರ್ಟು ಪರೋಪಕಾರಿಗಳಿಗೆ ರಕ್ಷಣೆಯನ್ನು ಕೊಟ್ಟಿತು. ೨೦೧೯ರ ತಿದ್ದುಪಡಿಯಿಂದ ಅದು ಕಾಯದೆಯಲ್ಲಿಯೇ ಸೇರಿದೆ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನು ತನ್ನ ಹೆಸರನ್ನು ಹೇಳಬೇಕೆಂಬ ಬಲಾತ್ಕಾರವೂ ಇಲ್ಲ. ೨೦೨೫ನೆಯ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಅಪಘಾತಕ್ಕೊಳಗಾದವನಿಗೆ ಏಳು ದಿನಗಳ ವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ಹಣವಿಲ್ಲದೆ ಚಿಕಿತ್ಸೆ ದೊರೆಯುವ ಯೋಜನೆಯನ್ನು ಪ್ರಕಟಿಸಿತು. ಆದಕಾರಣ ಯಾವ ಆಸ್ಪತ್ರೆಯೂ ಮೊದಲು ಹಣದ ಮಾತನ್ನು ಎತ್ತಕೂಡದು. ಇದನ್ನು ವಾಚಕರು ತಮ್ಮ ನೆರೆಹೊರೆಯವರಿಗೆ ಹೇಳಲಿ. ತಲೆಗೆ ಹೆಲ್ಮೆಟ್, ಎದೆಗೆ ಪಟ್ಟಿ, ಕಾಲಿಗೆ ಹಿಡಿತ—ಈ ಮೂರನ್ನು ಪಾಲಿಸದೆ ಸರಕಾರವನ್ನೂ ಕಂಪನಿಯನ್ನೂ ಬೈಯುವ ಅಧಿಕಾರವು ನಮಗಿಲ್ಲ. ೨೦೨೨ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ ೫೦,೦೨೯ ಜನರಿದ್ದರು.

ಕೊನೆಯ ಮಾತು. ಸ್ವರಾಜ್ಯವೆಂದರೆ ನಮ್ಮ ಹಣದ ಲೆಕ್ಕವನ್ನು ನಾವೇ ಕೇಳುವದು ಎಂದು ನಮ್ಮ ಹಿರಿಯರು ಕಲಿಸಿದರು. ಜೀವದ ಲೆಕ್ಕವು ಹಣದ ಲೆಕ್ಕಕ್ಕಿಂತ ಕಡಿಮೆಯದಲ್ಲ. ಕಂಪನಿಗಳು ಬರಲಿ, ಹಣವನ್ನು ಹಾಕಲಿ, ನ್ಯಾಯವಾದ ಲಾಭವನ್ನೂ ಪಡೆಯಲಿ; ಸರಕಾರವು ಅವರೊಡನೆ ಕೈ ಕೂಡಿಸಲಿ. ಆದರೆ ಒಂದು ಕೈ ಕುಲುಕುವಾಗ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವು ತೆರೆದಿರಬೇಕು. ಸುಂಕದಲ್ಲಿ ಪಾಲುಳ್ಳವನು ಹೊಣೆಯಲ್ಲಿಯೂ ಪಾಲುಗಾರನೇ. ಈ ನಿಯಮವನ್ನು ಮುಂದಿನ ಕರಾರಿನ ಮೊದಲನೆಯ ಕಲಮಾಗಿ ಬರೆಯಿಸುವ ಸರಕಾರಕ್ಕೆ ನಮ್ಮ ಬೆಂಬಲವು ಯಾವಾಗಲೂ ಇರುವದು.